ಏಳನೇ ಪ್ರಶ್ನೆ

ಗುರುವಾರ ಬೆಳಗಿನ ಮೀಟಿಂಗ್‌ನಲ್ಲಿ ಡಾಕ್ಟರ್ ಹೇಮಾವತಿ ದರೋಜಿಯ ಹೆಸರೆತ್ತಿದ ಕೂಡಲೇ ಶೈಲಜಾ ಕೈಯಲ್ಲಿದ್ದ ಚಹಾದ ಲೋಟವನ್ನು ಮೇಜಿನ ಮೇಲಿಟ್ಟಳು. ವಿಷಯ ಇನ್ನೂ ಹೊರಬಿದ್ದಿರಲಿಲ್ಲ. ಆದರೆ ಎರಡು ತಿಂಗಳಿಂದ ಅವಳು ಇದಕ್ಕಾಗಿಯೇ ಕಾಯುತ್ತಿದ್ದಳು. ಯಾವ ಊರಿಂದ ಬರುತ್ತದೆ ಎಂಬುದೊಂದೇ ಗೊತ್ತಿರಲಿಲ್ಲ.

"ದರೋಜಿ ಕ್ಯಾಂಪಿನಾಗ ಎಕ್ಸ್‌ರೇ ತೆಗೆಸಿಕೊಂಡ ಅಂಜಲಿ ಅನ್ನೋ ಹುಡುಗಿ ಆವತ್ತು ಬಸುರಿ ಇದ್ಲಂತ," ಎಂದರು ಡಾಕ್ಟರ್. "ಈಗ ಮೂರು ತಿಂಗಳು. ನಿನ್ನೆ ನಾನು ಹೋಗಿ ಬಂದೆ. ಎದಿ ಎಕ್ಸ್‌ರೇ ಒಂದರಿಂದ ಕೂಸಿಗೆ ಏನೂ ಆಗಂಗಿಲ್ಲ ಅಂತ ಎಷ್ಟು ಹೇಳಿದ್ರೂ ನಂಬಲಿಲ್ಲ. ನಿಮ್ಮ ತಪ್ಪು ಮುಚ್ಚಿಕೊಳ್ಳಾಕ ಹಂಗಂತೀರಿ ಅಂದ್ರು."

ಗೋಡೆಯ ಪರದೆಯ ಮೇಲೆ ಡೇನಿಯಲ್ ಇದ್ದರು. ಕೀನ್ಯಾದವರು, ಇಡೀ ಪ್ರಾಜೆಕ್ಟಿನ ಮುಖ್ಯಸ್ಥರು, ದೆಹಲಿಯಿಂದ ಮಾತಾಡುತ್ತಿದ್ದರು. ಫಾರ್ಮಿನಲ್ಲಿ ಏನಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಏಳನೇ ಪ್ರಶ್ನೆಗೆ 'ಇಲ್ಲ' ಅಂತಿದೆ. ಅದನ್ನೇ ಮನೆಯವರಿಗೆ ತೋರಿಸಿದೆ. ಅತ್ತೆ ಅದನ್ನ ನೋಡಿ ಸೊಸೆ ಮೇಲೆ ತಿರುಗಿಬಿದ್ದಳು. ಆ ಹುಡುಗಿ ನನ್ನ ಯಾರೂ ಕೇಳೇ ಇಲ್ಲ ಅಂತಾಳೆ. ಹೆದರಿ ಹಂಗ ಹೇಳ್ತಿರಬೇಕು." ಡಾಕ್ಟರ್ ಶೈಲಜಾಳ ಕಡೆ ನೋಡಿದರು. "ಆವತ್ತು ನೋಂದಣಿಗೆ ನೀವಿದ್ರಿ. ನೆನಪೈತೇನು?"

"ಭಾಳ ಮಂದಿ ಇದ್ರು ಮೇಡಂ," ಎಂದಳು ಶೈಲಜಾ.

ಅದು ಸುಳ್ಳಲ್ಲ, ಉತ್ತರವೂ ಅಲ್ಲ. ಆದರೂ ಎಲ್ಲರೂ ತಲೆಯಾಡಿಸಿದರು.

ಸಂಸ್ಥೆಯ ಮುಖ್ಯ ಕಚೇರಿ ಯೂರೋಪಿನಲ್ಲಿತ್ತು. ಯುದ್ಧ ನಡೆಯುವ ಕಡೆಯೆಲ್ಲ ಅದರ ಡಾಕ್ಟರುಗಳಿದ್ದರು. ಹೊಸಪೇಟೆಯ ಈ ಬಾಡಿಗೆ ಮನೆಯ ಕಚೇರಿಗಿದ್ದ ಕೆಲಸ ಒಂದೇ: ಸಂಡೂರಿನ ಗಣಿ ಧೂಳು ಕುಡಿಯುವ ಹಳ್ಳಿಗಳಲ್ಲಿ, ಕಂಪ್ಲಿಯ ಅಕ್ಕಿ ಗಿರಣಿ, ಕಬ್ಬಿನ ಗದ್ದೆಗಳ ಕೂಲಿಯವರಲ್ಲಿ ಕ್ಷಯ ಹುಡುಕುವುದು. ಎಕ್ಸ್‌ರೇ ಯಂತ್ರವಿದ್ದ ವ್ಯಾನು ಊರ ಮುಂದೆ ನಿಲ್ಲುತ್ತಿತ್ತು. ವ್ಯಾನಿನ ಮೆಟ್ಟಿಲ ಬಳಿ ಟೇಬಲ್ ಹಾಕಿಕೊಂಡು ಶೈಲಜಾ ಪ್ರತಿಯೊಬ್ಬರಿಗೂ ಹನ್ನೆರಡು ಪ್ರಶ್ನೆ ಕೇಳಿ ಟ್ಯಾಬ್‌ನಲ್ಲಿ ಒತ್ತಬೇಕು. ಏಳನೆಯದು ಹೆಂಗಸರಿಗೆ ಮಾತ್ರ: ಗರ್ಭಿಣಿಯೇ? ಹೌದು ಎಂದವರಿಗೆ ಎಕ್ಸ್‌ರೇ ಇಲ್ಲ, ಕಫದ ಪರೀಕ್ಷೆಯಷ್ಟೇ. ಈ ಪ್ರಶ್ನೆಯನ್ನು ಮಾತ್ರ ಪರದೆಯ ಹಿಂದೆ ಕರೆದೊಯ್ದು ಒಬ್ಬೊಬ್ಬರನ್ನೇ ಕೇಳಬೇಕೆಂಬ ನಿಯಮವಿತ್ತು. ಎಂ.ಎಸ್.ಡಬ್ಲ್ಯು. ಓದಿದ ಶೈಲಜಾಳಿಗೆ ಈ ನಿಯಮ ಯಾಕಿದೆ ಎಂದು ಯಾರೂ ವಿವರಿಸಬೇಕಿರಲಿಲ್ಲ. ಬೇರೆಯವರಿಗೆ ಅದನ್ನು ಕಲಿಸಿದ್ದೇ ಅವಳು.

ಅದು ಕೆಟ್ಟದ್ದು ಎಮ್ಮಿಗನೂರಿನ ಕ್ಯಾಂಪಿನಲ್ಲಿ. ಅಲ್ಲಿ ಹಸಿರು ಬಳೆ ತುಂಬಿಕೊಂಡಿದ್ದ ಹೊಸ ಸೊಸೆಯೊಬ್ಬಳನ್ನು ಪರದೆಯ ಹಿಂದೆ ಕರೆದಾಗ ಜೊತೆಗಿದ್ದ ಮುದುಕಿ ಅಡ್ಡ ನಿಂತಿದ್ದಳು. "ಹಣಿ ಬರಿದು ಇಟ್ಕೊಂಡು ನಮ್ಮ ಹುಡುಗಿ ಹೊಟ್ಟಿ ಸುದ್ದಿ ಯಾಕ ಕೇಳ್ತಿ ತಾಯಿ? ಬ್ಯಾರೆ ಯಾರನ್ನಾರ ಕಳಸು." ಬೈಗುಳದ ದನಿಯಲ್ಲ ಅದು. ಮೆಲ್ಲಗೆ, ಕೈಮುಗಿದು ಹೇಳಿದ್ದಳು.

ಗಂಡ ಮುರುಗೇಶ್ ಹೋಗಿ ಎರಡು ವರ್ಷವಾಗಿತ್ತು. ಬೊಟ್ಟು ಇಡಬೇಡ ಎಂದು ಶೈಲಜಾಳಿಗೆ ಯಾರೂ ಹೇಳಿರಲಿಲ್ಲ. ಇಟ್ಟುಕೊಳ್ಳುವುದು ಅವಳಿಗೆ ನೆನಪಾಗುತ್ತಿರಲಿಲ್ಲ, ಅಷ್ಟೇ. ಊಟ, ಸ್ನಾನ, ಬಸ್ಸು ಎಲ್ಲ ನೆನಪಿರುತ್ತಿತ್ತು. ಅದೊಂದು ಇರುತ್ತಿರಲಿಲ್ಲ.

ಆ ದಿನ ಅವಳು ಅಳಲಿಲ್ಲ. ಮುಂದಿನ ಕ್ಯಾಂಪಿನಲ್ಲಿ ಎಳೆಯ ಹೆಂಗಸೊಬ್ಬಳು ಎದುರು ಕೂತಾಗ ಆರನೇ ಪ್ರಶ್ನೆಯವರೆಗೆ ನಾಲಿಗೆ ಆಡಿತು. ಏಳಕ್ಕೆ ಬಂದಾಗ ಆಡಲಿಲ್ಲ. ಹೊಟ್ಟೆಯ ಕಡೆ ಒಂದು ಸಲ ನೋಡಿದಳು. ಚಪ್ಪಟೆಯಾಗಿತ್ತು. 'ಇಲ್ಲ' ಒತ್ತಿದಳು. ನಂತರ ಅದೇ ರೂಢಿಯಾಯಿತು. ವಯಸ್ಸಾದವರನ್ನು, ಮೂರು ಮಕ್ಕಳ ತಾಯಂದಿರನ್ನು ಕೇಳುತ್ತಿದ್ದಳು. ಹೊಸ ಬಳೆಯವರನ್ನು ಕೇಳುತ್ತಿರಲಿಲ್ಲ. ಕಚೇರಿಯಲ್ಲಿ ಹೇಳಿದ್ದರೆ ಆ ಟೇಬಲ್ಲಿಗೆ ಬೇರೆಯವರನ್ನು ಕೂರಿಸುತ್ತಿದ್ದರು. ಆದರೆ ಹೇಳಬೇಕಾದರೆ ಮುದುಕಿಯ ಮಾತನ್ನು ತನ್ನ ಬಾಯಿಂದ ಇನ್ನೊಮ್ಮೆ ಆಡಬೇಕಿತ್ತು.

"ಇಲ್ಲಿ ಯಾರ ಮೇಲೂ ತಪ್ಪು ಹೊರಿಸುವುದಿಲ್ಲ," ಎನ್ನುತ್ತಿದ್ದರು ಈಗ ಮೀಟಿಂಗ್‌ನಲ್ಲಿ ಡೇನಿಯಲ್. "ಏನಾಯಿತು ಎಂದು ತಿಳಿಯಬೇಕು, ಅಷ್ಟೇ. ಸೋಮವಾರ ವಿಮರ್ಶೆ. ಅಲ್ಲಿಯವರೆಗೆ ದಯವಿಟ್ಟು ಯಾರೂ ಆ ಕುಟುಂಬವನ್ನು ಸಂಪರ್ಕಿಸಬೇಡಿ."

ಹೋದ ವರ್ಷ ಲ್ಯಾಬಿನ ಹುಡುಗಿಯೊಬ್ಬಳು ತನ್ನ ತಪ್ಪನ್ನು ತಾನೇ ಬರೆದುಕೊಟ್ಟಿದ್ದಳು. ಅವಳ ಮೇಲೂ ಯಾರೂ ತಪ್ಪು ಹೊರಿಸಿರಲಿಲ್ಲ. ಮಾರ್ಚ್‌ನಲ್ಲಿ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ, ಅಷ್ಟೇ.

ಮೀಟಿಂಗ್ ಮುಗಿದ ಮೇಲೆ ಶೈಲಜಾ ತನ್ನ ಕುರ್ಚಿಗೆ ಬಂದು ಟ್ಯಾಬ್ ತೆರೆದಳು. ಪ್ರತಿ ಪ್ರಶ್ನೆಗೆ ಎಷ್ಟು ಹೊತ್ತು ಹಿಡಿಯಿತು ಎಂಬುದು ಆ ಯಂತ್ರದಲ್ಲಿ ತಾನಾಗಿ ದಾಖಲಾಗುತ್ತಿತ್ತು. ಯಾರೂ ನೋಡುತ್ತಿರಲಿಲ್ಲ, ಆದರೆ ಇತ್ತು. ಅಂಜಲಿಯ ಹಾಳೆ ತೆಗೆದಳು. ಆರನೇ ಪ್ರಶ್ನೆಗೆ ಹದಿನೆಂಟು ಸೆಕೆಂಡು. ಏಳನೆಯದಕ್ಕೆ ಎರಡು. ಎರಡು ಸೆಕೆಂಡಿನಲ್ಲಿ ಪರದೆಯ ಹಿಂದಕ್ಕೆ ಹೋಗಿಬರಲು ಯಾರಿಗೂ ಆಗುವುದಿಲ್ಲ. ಸೋಮವಾರ ಡೇನಿಯಲ್ ಇದನ್ನು ತೆಗೆದರೆ? ತೆಗೆಯದಿದ್ದರೆ? ತೆಗೆಯದಿದ್ದರೆ ಆ 'ಇಲ್ಲ' ಅಂಜಲಿಯ ಮೇಲೇ ಉಳಿಯುತ್ತಿತ್ತು.

ಒಂದು ನೋಟ್‌ಬುಕ್ ತೆಗೆದುಕೊಂಡು ಎಮ್ಮಿಗನೂರಿನಿಂದ ಈಚೆಗೆ ಏಳನೇ ಪ್ರಶ್ನೆ ಎರಡೋ ಮೂರೋ ಸೆಕೆಂಡಿನಲ್ಲಿ ಮುಗಿದ ನೋಂದಣಿ ಸಂಖ್ಯೆಗಳನ್ನೆಲ್ಲ ಬರೆಯುತ್ತಾ ಹೋದಳು. ನಲವತ್ತೊಂದಾದವು.

ಮಧ್ಯಾಹ್ನ ವ್ಯಾನಿನ ಡ್ರೈವರ್ ಹಾಲಸ್ವಾಮಿ ಬುತ್ತಿ ಬಿಚ್ಚುತ್ತ ಅವಳ ಎದುರು ಬಂದು ಕೂತ. ಅವನ ಹೆಂಡತಿಯ ತವರು ದರೋಜಿ. ಆ ಊರಿನ ಸುದ್ದಿಗೆ ಅವನಿಗೆ ಫೋನು ಸಾಕಿತ್ತು.

"ಉಣ್ರಿ ಅಕ್ಕಾರ. ಡಬ್ಬಿ ಮುಚ್ಚಳ ನೋಡಿದ್ರ ಹೊಟ್ಟಿ ತುಂಬತೈತೇನು?"

"ಹಸಿವಿಲ್ಲ."

"ದೊಡ್ಡ ಸಾಹೇಬ್ರು ಸೋಮವಾರ ಸೋಮವಾರ ಅಂತಾರ. ಇವರ ಸೋಮವಾರಕ್ಕ ಆ ಮಂದಿ ಕಾಯಬೇಕಲ್ಲ! ನಾಳೆನಾ ಕಂಪ್ಲಿಗೆ ಹೊಂಟಾರಂತ."

"ಯಾಕ?"

"ಯಾಕಂದ್ರ? ತೆಗೆಸಾಕ. ಹತ್ತು ಗಂಟೆಗೆ ಆಟೋ ಹೇಳ್ಯಾರಂತ. ಎಕ್ಸ್‌ರೇ ಬೆಳಕು ಹೊಕ್ಕ ಕೂಸು ನೆಟ್ಟಗ ಹುಟ್ಟಂಗಿಲ್ಲ ಅಂತ ಓಣಿ ತುಂಬ ಮಾತು. ಗಂಡ ನಿನ್ನೆಯಿಂದ ಆ ಹುಡುಗಿ ಕೂಡ ಮಾತು ಬಿಟ್ಟಾನ. ಬಸುರಿದ್ದು ಮುಚ್ಚಿಟ್ಟು ಸುಳ್ಳು ಬರೆಸ್ಯಾಳಂತ." ಹಾಲಸ್ವಾಮಿ ರೊಟ್ಟಿ ಮುರಿದ. "ಬರೆದದ್ದು ಬರೆದದ್ದಲ್ರಿ. ಕಾಗದ ಸುಳ್ಳು ಹೇಳತೈತೇನು?"

ಶೈಲಜಾ ಡಾಕ್ಟರ್ ಹೇಮಾವತಿಯ ಕೋಣೆಯ ಬಾಗಿಲಿಗೆ ಹೋಗಿ ನಾಳೆ ಕಂಪ್ಲಿಗೆ ಹೋಗುವ ವಿಷಯ ಹೇಳಿದಳು. ಡಾಕ್ಟರ್ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ನನಗೂ ಸಂಕಟ ಆಗತೈತಿ ಶೈಲಜಾ. ಡೇನಿಯಲ್‌ಗೆ ಮತ್ತೆ ಬರೀತೀನಿ. ಆದ್ರ ನಿರ್ಧಾರ ಅವರದು. ಕೂಸಿಗೆ ತೊಂದರೆ ಇಲ್ಲಂತ ನಾನು ಹೇಳಿದ್ದೀನಿ. ಇನ್ನೇನು ಹೇಳಲಿ?"

ಇನ್ನೇನು ಹೇಳಬೇಕೋ ಅದು ಶೈಲಜಾಳ ಬಾಯಲ್ಲಿತ್ತು. "ಹೌದು ಮೇಡಂ," ಎಂದು ಹೊರಗೆ ಬಂದಳು.

ಮರುದಿನ ಬೆಳಿಗ್ಗೆ ಏಳಕ್ಕೆ ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗಲೂ ತಾನು ಹೋಗುತ್ತಿದ್ದೇನೆ ಎಂಬ ಖಾತ್ರಿ ಅವಳಿಗಿರಲಿಲ್ಲ. ಮೈಗೆ ಹುಷಾರಿಲ್ಲ ಎಂದು ಕಚೇರಿಗೆ ಮೆಸೇಜು ಹಾಕಿದ್ದಳು. ದರೋಜಿಯ ಬಸ್ಸು ಅರ್ಧ ಗಂಟೆ ತಡವಾಗಿ ಬಂತು. ಕಮಲಾಪುರದಲ್ಲಿ ಬೆನ್ನಿಗೆ ಚೀಲ ಹೊತ್ತ ಮೂವರು ಹಂಪಿ ಇದೇನಾ ಎಂದು ಕೇಳುತ್ತ ಇಳಿಯಲೋ ಬೇಡವೋ ಎಂದು ಬಾಗಿಲಲ್ಲೇ ನಿಂತರು. ಕಂಡಕ್ಟರ್ ಅವರಿಗೆ ಆಟೋ ಹಿಡಿಯುವ ಜಾಗ ತೋರಿಸುತ್ತ ನಿಂತುಬಿಟ್ಟ. ಶೈಲಜಾ ಗಡಿಯಾರ ನೋಡಿದಳು. ಎಂಟೂ ಹತ್ತು. ಕಿಟಕಿಯ ಸರಳನ್ನು ಹಿಡಿದಿದ್ದ ಕೈ ಬೆವತು ತುಕ್ಕಿನ ಕೆಂಪು ಹತ್ತಿತ್ತು.

ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡಳು. ಅಂದು ಭಾಳ ಗದ್ದಲವಿತ್ತು, ಕೇಳುವುದು ತಪ್ಪಿಹೋಯಿತು. ಬೇಡ, ಅದು ಅರ್ಧ. ನಾನು ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂದರೆ? ಅಲ್ಲಿಗೆ ಬಂದು ಮಾತು ನಿಲ್ಲುತ್ತಿತ್ತು. ಕುರುಚಲು ಗುಡ್ಡಗಳು ಹಿಂದಕ್ಕೆ ಸರಿದವು. ಬಸ್ಸು ಕೆಟ್ಟು ನಿಂತರೆ ಒಳ್ಳೆಯದು ಎಂದು ಒಂದು ಗಳಿಗೆ ಅನಿಸಿತು. ಅನಿಸಿದ್ದಕ್ಕೆ ಹೆದರಿಕೆಯಾಗಿ ಎದ್ದು ಡ್ರೈವರನ ಹಿಂದಿನ ಸೀಟಿಗೆ ಹೋಗಿ ಕೂತಳು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಓಣಿಯ ಕೊನೆಯಲ್ಲಿ ಆಟೋ ಆಗಲೇ ನಿಂತಿತ್ತು. ಹತ್ತು ಗಂಟೆಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಆಟೋದ ಹಿಂದಿನ ಸೀಟಿನಲ್ಲಿ ಒಂದು ಬಟ್ಟೆಯ ಚೀಲ, ನೀರಿನ ಬಾಟಲಿ ಇಟ್ಟಿದ್ದರು. ಒಳಗೆ, ಬಾಬಾಸಾಹೇಬರ ಫೋಟೊದ ಕೆಳಗೆ, ಅಂಜಲಿ ಗೋಡೆಗೊರಗಿ ನಿಂತಿದ್ದಳು. ಇಪ್ಪತ್ತೊಂದೋ ಇಪ್ಪತ್ತೆರಡೋ ಇರಬಹುದು. ಕಣ್ಣು ಊದಿದ್ದವು. ಅವಳ ಗಂಡ ವಿಜಯಕುಮಾರ್ ಹೊಸ್ತಿಲಲ್ಲಿ ಕೂತು ಫೋನು ನೋಡುತ್ತಿದ್ದ. ಅತ್ತೆ ಎರ್ರೆಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

ಎರ್ರೆಮ್ಮನಿಗೆ ಗುರುತು ಸಿಕ್ಕಿತು. "ಬರ್ರಿ. ಕ್ಯಾಂಪಿನಾಕಿ ಅಲ್ಲ ನೀವು? ಮೊನ್ನೆ ಡಾಕ್ಟರಮ್ಮ ಬಂದಿದ್ಲು, ಇವತ್ತು ನೀವು. ಮತ್ತೇನು ಕಾಗದ ತಂದೀರಿ ತೋರಸಾಕ?"

"ಕಾಗದ ತಂದಿಲ್ಲಮ್ಮ. ನಿಮ್ಮ ಹತ್ರ ಒಂದು ಮಾತು..."

"ಮಾತು ಭಾಳ ಆದ್ವು. ಜಲ್ದಿ ಹೇಳ್ರಿ, ಹೊಂಟೀವಿ."

ಬಸ್ಸಿನಲ್ಲಿ ಜೋಡಿಸಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ. "ಅಂಜಲಿ ಸುಳ್ಳು ಹೇಳಿಲ್ಲ," ಎಂದಳು ಶೈಲಜಾ. "ನಾನು ಅವರನ್ನ ಕೇಳೇ ಇಲ್ಲ. ಆ 'ಇಲ್ಲ' ನಾನೇ ಒತ್ತಿದ್ದು."

ವಿಜಯಕುಮಾರ್ ಫೋನಿನಿಂದ ತಲೆ ಎತ್ತಿದ.

"ಹೇಳಿದ್ನಿಲ್ಲ ನಾನು?" ಗೋಡೆಯ ಬಳಿಯಿಂದ ಅಂಜಲಿಯ ದನಿ ಬಂತು. ಅದು ಗಂಡನಿಗೆ ಹೇಳಿದ್ದು. "ಬಾಯಿ ಹರಕೊಂಡು ಹೇಳಿದ್ನಿಲ್ಲ? ಮುಟ್ಟು ನಿಂತು ಹದಿನೈದು ದಿನ ಆಗಿತ್ತು. ಕೇಳಿದ್ರ ಹೇಳ್ತಿದ್ದೆ. ಈಕಿ ಹೊಗಿ ಸೇದ್ತಿ ಏನು ಅಂತ ಕೇಳಿದ್ಲು, ಮನ್ಯಾಗ ಎಷ್ಟು ಮಂದಿ ಅಂತ ಕೇಳಿದ್ಲು. ಅದೊಂದು ಕೇಳಲಿಲ್ಲ."

"ಯಾಕ ಕೇಳಲಿಲ್ಲ?" ಎಂದಳು ಎರ್ರೆಮ್ಮ.

ಬಂತು. ಶೈಲಜಾ ನೆಲ ನೋಡಿದಳು. "ನನ್ನ ಗಂಡ ತೀರಿಕೊಂಡಾರ. ನಾನು ಅಂಥ ಮಾತು ಕೇಳಿದ್ರ ಅಪಶಕುನ ಅಂತ ಒಂದು ಊರಾಗ ಅಂದ್ರು. ಆಮೇಲೆ ನನಗ ಕೇಳಾಕ ಬಾಯಿ ಬರಲಿಲ್ಲ. ನೀವೂ ಹಂಗ ಅಂತೀರಿ ಅಂದ್ಕೊಂಡೆ."

ಎರ್ರೆಮ್ಮನ ದನಿ ಓಣಿಗೆಲ್ಲ ಕೇಳುವಷ್ಟು ಏರಿತು.

"ನಾವು ಅಂದ್ವೇನು? ನಾ ಅಂದ್ನೇನು? ನನ್ನ ಹಣಿ ನೋಡು! ನೋಡಿಲ್ಲಿ! ನಾನೂ ಗಂಡ ಸತ್ತಾಕಿನಾ. ಸುಂಕಪ್ಪ ಗಣಿ ಧೂಳು ಕುಡಿದು, ಕೆಮ್ಮಿ ಕೆಮ್ಮಿ ಇದಾ ಜಾಗದಾಗ ಸತ್ತ. ಅದಕ್ಕ ನಿಮ್ಮ ಗಾಡಿ ಬಂದೈತಿ ಅಂದ ಕೂಡ್ಲೆ ಸೊಸಿ ಕೈ ಹಿಡಕೊಂಡು ನಾನಾ ಬಂದೆ. ಆಕಿ ಬ್ಯಾಡ ಅಂದ್ರೂ ಎಳಕೊಂಡು ಬಂದೆ. ಮುಂಜಾನಿ ಎದ್ದು ಆಕಿಗೆ ವಾಂತಿ ಆತೇನು, ಹುಳಿ ಬೇಕೇನು ಅಂತ ದಿನಾ ಕೇಳಾಕಿ ನಾನು. ನಾ ಕೇಳಿದ್ರ ಕೂಸು ಬೀಳತೈತೇನು? ಓದಿದಾಕಿ ನೀನು! ಎಲ್ಲೋ ಯಾವಾಕಿನೋ ಒಂದು ಮಾತಂದ್ಲಂತ ನಮ್ಮ ಮನಿ ಮ್ಯಾಲೆ ತಂದು ಹಾಕಿದೆಲ್ಲ!"

"ಅವ್ವಾ, ಸಣ್ಣಗ ಮಾತಾಡು," ಎಂದ ವಿಜಯಕುಮಾರ್.

"ನೀ ಬಾಯಿ ಮುಚ್ಚಲೇ! ಎರಡು ದಿನ ಹೆಂಡ್ತಿ ಮುಖ ನೋಡಿಲ್ಲ, ಈಗ ಬಂದ ಸಣ್ಣಗ ಅನ್ನಾಕ."

ಅವನು ತಲೆ ತಗ್ಗಿಸಿದ. ಶೈಲಜಾಳಿಗೆ ಇನ್ನೊಂದು ಮಾತು ಉಳಿದಿತ್ತು. ಬಂದದ್ದು ಅದಕ್ಕೇ.

"ನನ್ನ ತಪ್ಪಿಗೆ ಕೂಸನ್ನ ತೆಗೆಸಬ್ಯಾಡ್ರಿ ಅಮ್ಮ. ಎದಿ ಎಕ್ಸ್‌ರೇ ಹೊಟ್ಟಿಗೆ ಇಳಿಯಾದು ಭಾಳ ಅಂದ್ರ ಭಾಳ ಕಡಿಮಿ. ನಾವು ಕೇಳಾದು ಮುನ್ನೆಚ್ಚರಿಕಿಗೆ. ಡಾಕ್ಟರು ಹೇಳಿದ್ದು ಖರೇ. ಅವರು ಏನನ್ನೂ ಮುಚ್ಚಲಿಲ್ಲ. ಮುಚ್ಚಿದಾಕಿ ನಾನು."

"ನಿನಗೇನು ಗೊತ್ತು?" ಎರ್ರೆಮ್ಮನ ದನಿ ಈಗ ಕೆಳಗಿಳಿದಿತ್ತು. ಅದು ಕೂಗಿಗಿಂತ ಕಷ್ಟವಾಗಿತ್ತು. "ನನ್ನ ಮಗಳ ಕೂಸು ಆರು ವರ್ಷ ಕುತ್ತಿಗಿ ನಿಲ್ಲಲಿಲ್ಲ. ಬಾಯಾಗ ಹಾಕಿದ ಗಂಜಿ ಮೂಗಿನಾಗ ಬರ್ತಿತ್ತು. ಎತ್ತಿ ಎತ್ತಿ ನನ್ನ ಸೊಂಟ ಹೋತು. ಮಣ್ಣಿಗಿಟ್ಟ ದಿನ ನನ್ನ ಮಗಳು ಅಳಲಿಲ್ಲ, ನಿದ್ದಿ ಮಾಡಿದ್ಲು. ಅದನ್ನ ಈಕಿ ನೋಡಬಾರದು ಅಂತ ನಾನು ಹೊಂಟೀನಿ. ನನಗೇನು ಮೊಮ್ಮಗ ಬ್ಯಾಡಾಗೈತೇನು?"

ಶೈಲಜಾ ಗೋಡೆಗೊರಗಿದ್ದ ಅಂಜಲಿಯ ಕಡೆ ನೋಡಿದಳು.

"ಖರೇ ಹೇಳು," ಎಂದಳು ಎರ್ರೆಮ್ಮ. "ಆ ಗಾಡಿಯೊಳಗ ನೀ ನಿಂತು, ನಿನ್ನ ಹೊಟ್ಟ್ಯಾಗ ಇದ್ದಿದ್ರ, ಇಟ್ಕೊಂತಿದ್ದೇನು?"

ಆಟೋದವನು ಹೊರಗೆ ಹಾರ್ನ್ ಹೊಡೆದ. ಮುರುಗೇಶ್ ಹೋದ ತಿಂಗಳು ಶೈಲಜಾಳಿಗೆ ಮುಟ್ಟು ಒಂಬತ್ತು ದಿನ ತಡವಾಗಿತ್ತು. ಆ ಒಂಬತ್ತು ದಿನ ಅವಳು ಯಾರಿಗೂ ಹೇಳದೆ ಲೆಕ್ಕ ಹಾಕಿದ್ದಳು. ಹತ್ತನೇ ದಿನ ಮುಟ್ಟಾಯಿತು, ಏನೂ ಇರಲಿಲ್ಲ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಈಗಲೂ ಹೇಳಲಿಲ್ಲ.

"ಇಟ್ಕೊಂತಿದ್ದೆ," ಎಂದಳು.

ಅಂಜಲಿ ಗೋಡೆ ಬಿಟ್ಟು ಹೊರಗೆ ಹೋದಳು. ಆಟೋದಿಂದ ಬಟ್ಟೆಯ ಚೀಲವನ್ನೂ ನೀರಿನ ಬಾಟಲಿಯನ್ನೂ ಎತ್ತಿಕೊಂಡು ಬಂದು ಒಳಗಿಟ್ಟಳು. "ನಾ ಬರಂಗಿಲ್ಲ ಅತ್ತಿ," ಎಂದಳು. "ಮೊನ್ನೆನೂ ಬರಂಗಿಲ್ಲ ಅಂದೆ. ಸುಳ್ಳಿ ಮಾತು ಯಾರು ಕೇಳಬೇಕು ಅಂದ್ರಿ. ಈಗ ಸುಳ್ಳಿ ಅಲ್ಲಲ್ಲ?"

"ಹೋಗಾದೈತೇನ್ರಿ, ಇಲ್ಲೋ?" ಆಟೋದವನು ಇಣುಕಿದ. "ಬ್ಯಾರೆ ಬಾಡಿಗಿ ಬಂದೈತಿ ನನಗ."

ಎರ್ರೆಮ್ಮ ಸೊಸೆಯನ್ನು ನೋಡಿದಳು, ಮಗನನ್ನು ನೋಡಿದಳು. "ಬಾಡಿಗಿ ಬಂದಿದ್ರ ಹೋಗಪ್ಪ," ಎಂದಳು. "ಇವತ್ತು ಇಲ್ಲ."

ಆಟೋದ ಸದ್ದು ಓಣಿ ದಾಟಿದ ಮೇಲೆ ಅವಳು ಶೈಲಜಾಳ ಚೀಲದ ಕಡೆ ಕೈ ತೋರಿಸಿದಳು. "ಅದರಾಗ ಹಾಳಿ ಐತಿಲ್ಲ? ಬರೆದುಕೊಡು. ಆಕಿ ಬಾಯಿ ಮಾತಿಗೆ ನಿನ್ನೆ ತನಕ ನಮ್ಮ ಮನ್ಯಾಗ ಕಿಮ್ಮತ್ತಿರಲಿಲ್ಲ. ಕಾಗದ ತೋರಿಸಿ ಆಕಿನ್ನ ಸುಳ್ಳಿ ಮಾಡಿದ್ರಿ. ಕಾಗದದಾಗನಾ ಬಿಡಸು."

ಶೈಲಜಾ ನೋಟ್‌ಬುಕ್ ತೆಗೆದು ನೆಲದ ಮೇಲೆ ಕೂತು ಬರೆದಳು. ಬರೆದದ್ದನ್ನು ಅಂಜಲಿ ತೆಗೆದುಕೊಂಡು ಓದಿದಳು. ಹುಬ್ಬು ಗಂಟಿಕ್ಕಿತು.

"'ಓರ್ವ ಮಹಿಳಾ ಫಲಾನುಭವಿ' ಅಂದ್ರ ಯಾರಿದು?"

"ಹೆಸರು ಬರೀಬಾರದು ಅಂತ ನಮ್ಮಲ್ಲಿ ನಿಯಮ."

"ಸುಳ್ಳಿ ಅನ್ನುವಾಗ ಓಣಿ ಮಂದಿ ಹೆಸರು ಹಿಡಿದಾ ಅಂದ್ರು. ನನ್ನ ಹೆಸರು ಬರೀರಿ. ನಿಮ್ಮದೂ."

ಶೈಲಜಾ ಆ ಹಾಳೆ ಹರಿದು ಬೇರೊಂದರಲ್ಲಿ ಬರೆದಳು. ವಿಜಯಕುಮಾರ್ ಅವರ ಹೆಂಡತಿ ಅಂಜಲಿಯವರನ್ನು ಗರ್ಭಿಣಿಯೇ ಎಂದು ನಾನು ಕೇಳಲಿಲ್ಲ. ಉತ್ತರವನ್ನು ನಾನೇ ತುಂಬಿದೆ. ತಪ್ಪು ನನ್ನದು, ಅವರದಲ್ಲ. ಶೈಲಜಾ, ನೋಂದಣಿ ಸಹಾಯಕಿ. ತಾರೀಖು ಹಾಕುವಾಗ ಪೆನ್ನು ಒಂದು ಕ್ಷಣ ನಿಂತಿತು. ಕೆಲಸ ಹೋದರೆ ಮುಂದೇನು ಎಂಬುದು ಆಗ ಸ್ಪಷ್ಟವಾಗಿ ಕಂಡಿತು. ಬೆಳಗಾದರೆ ಏಳಲು ಅವಳಿಗೆ ಬೇರೆ ಕಾರಣವಿರಲಿಲ್ಲ. ತಾರೀಖು ಹಾಕಿದಳು. ಅಂಜಲಿ ಅದನ್ನು ಗಂಡನ ಮಡಿಲಿಗೆ ಹಾಕಿದಳು. ಅವನು ಓದಿದ. ಮತ್ತೊಮ್ಮೆ ಓದಿದ. ಮಡಿಸಲು ಹೋಗಿ ಬಿಟ್ಟ.

ಶೈಲಜಾಳ ಫೋನು ಬಡಿಯಿತು. ಡಾಕ್ಟರ್ ಹೇಮಾವತಿ.

"ಮೈ ಹೆಂಗೈತಿ ಶೈಲಜಾ? ಎಲ್ಲಿದ್ದೀರಿ?"

"ದರೋಜಿಯೊಳಗ ಮೇಡಂ. ಅಂಜಲಿ ಅವರ ಮನ್ಯಾಗ."

ಆ ಕಡೆ ಕುರ್ಚಿ ಸರಿದ ಸದ್ದಾಯಿತು. "ಯಾರೂ ಹೋಗಬ್ಯಾಡ್ರಿ ಅಂತ ಹೇಳಿರಲಿಲ್ಲೇನು?"

"ನಾನು ಏಳನೇ ಪ್ರಶ್ನೆ ಕೇಳಿರಲಿಲ್ಲ ಮೇಡಂ. ಇವರನ್ನಷ್ಟೇ ಅಲ್ಲ. ಇನ್ನೂ ನಲವತ್ತು ಮಂದಿ ಅದಾರ. ಸಂಖ್ಯೆ ಎಲ್ಲ ಬರೆದಿಟ್ಟೀನಿ."

ಶೈಲಜಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಕರೆ ಕಡಿದುಹೋಯಿತೇನೋ ಎಂದು ಒಮ್ಮೆ ತೆಗೆದು ನೋಡಿದಳು. ಕಡಿದಿರಲಿಲ್ಲ.

"ಅಲ್ಲೇ ಇರ್ರಿ," ಎಂದರು ಡಾಕ್ಟರ್ ಕೊನೆಗೆ. "ಸಂಸ್ಥೆ ವ್ಯಾನಿನಾಗ ಅಲ್ಲ, ನನ್ನ ಕಾರಿನಾಗ ಬರ್ತೀನಿ. ಆ ಹುಡುಗಿಗೆ ಸ್ಕ್ಯಾನ್ ಮಾಡಸೋಣ, ಅವರ ಕಣ್ಣಿಗೇ ತೋರಸೋಣ. ನಿಮ್ಮ ವಿಷಯ ಆಮೇಲೆ. ಮೊದಲು ಆ ಪಟ್ಟಿ ಕಳಸ್ರಿ. ಈಗಲೇ."

"ಯಾರು, ಡಾಕ್ಟರಮ್ಮನಾ?" ಎಂದಳು ಎರ್ರೆಮ್ಮ. "ಬರ್ಲಿ. ನನಗೂ ಕೇಳಾದು ಭಾಳ ಐತಿ." ಅವಳು ಒಲೆಯ ಕಡೆ ಹೋದಳು.

ಶೈಲಜಾ ನೋಟ್‌ಬುಕ್ಕಿನ ಪುಟ ತೆರೆದು ಫೋನು ಹಿಡಿದಳು. ಗಾಳಿಗೆ ಪುಟ ಎದ್ದು ಮೊದಲನೇ ಫೋಟೊ ಮಸುಕಾಯಿತು. ಎರಡನೆಯದೂ ಹಾಗೇ ಆಯಿತು. ಅಂಜಲಿ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಪುಟದ ಎರಡೂ ತುದಿಗಳನ್ನು ಬೆರಳಿನಿಂದ ಒತ್ತಿ ಹಿಡಿದಳು. ಮೂರನೆಯದರಲ್ಲಿ ಅಂಕಿಗಳು ಓದಲು ಬಂದವು.